ಜಡ್ಡಿಗೆ ದುಡ್ಡು ಸಿಗುತ್ತೆ, ನಿಮ್ಮ ಊಟಕ್ಕೆ?

ಪ್ರಶ್ನೆ: ನಾನು ಸಿದ್ದಾಪುರ ತಾಲೂಕಿನವನು, ವಯಸ್ಸು 27. ಬಿ.ಎಸ್ಸಿ. ಮುಗಿಸಿ ಊರಿಗೆ ವಾಪಸ್ ಬಂದೆ. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ ಇದೆ. ನಾಲ್ಕು ವರ್ಷದಿಂದ ಇಬ್ಬರು ಗೆಳೆಯರ ಜೊತೆ ಸೇರಿ ನಮ್ಮ ಸುತ್ತಿನ ರಾಮಪತ್ರೆ ಜಡ್ಡಿಗಳನ್ನು (ರಾಮಪತ್ರೆ ಮರ ಬೆಳೆಯುವ ಕಾಡಿನ ಜೌಗು ತಗ್ಗುಗಳನ್ನು) ಹುಡುಕಿ ಗುರುತು ಹಾಕುತ್ತಿದ್ದೇವೆ. ಸಸಿ ಮಾಡಿ ನೆಡುತ್ತಿದ್ದೇವೆ. ಎಲ್ಲ ಕೈಯಿಂದಲೇ ಖರ್ಚು. ಪರಿಸರದ ಕೆಲಸಕ್ಕೆ ಫೆಲೋಶಿಪ್, ಗ್ರಾಂಟ್ ಕೊಡುತ್ತಾರಂತೆ. ನನ್ನಂಥವನಿಗೂ ಸಿಗುತ್ತಾ? ಮೊದಲು ಟ್ರಸ್ಟ್ ಮಾಡಿಕೊಳ್ಳಬೇಕಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ‘ಜಡ್ಡಿ ಊಟಕ್ಕೆ ಹಾಕ್ತದಾ?’ ಅಂತ ಆಯಿ ದಿನಾ ಕೇಳುತ್ತಾಳೆ.

ಉತ್ತರ: ಸಿಗುತ್ತದೆ. ಟ್ರಸ್ಟ್ ಸದ್ಯಕ್ಕೆ ಬೇಡ. ಇಂಗ್ಲಿಷಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಆಯಿಯ ಪ್ರಶ್ನೆ ತಗೊಳ್ಳೋಣ. ನೀವು ಕೇಳಿದ್ದಕ್ಕಿಂತ ಅವರು ಕೇಳಿದ್ದೇ ಮುಖ್ಯ.

ಫೆಲೋಶಿಪ್ ಮತ್ತು ಗ್ರಾಂಟ್ ಎರಡನ್ನೂ ನೀವು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ಎಲ್ಲರೂ ಹಾಗೇ ಹೇಳೋದು. ಆದರೆ ಅವು ಬೇರೆ ಬೇರೆ. ಫೆಲೋಶಿಪ್ ಕೊಡೋದು ಮನುಷ್ಯನಿಗೆ, ಗ್ರಾಂಟ್ ಕೊಡೋದು ಕೆಲಸಕ್ಕೆ. ಫೆಲೋಶಿಪ್ ಬಂದರೆ ಒಂದೆರಡು ವರ್ಷ ತಿಂಗಳ ಖರ್ಚಿನ ಚಿಂತೆ ಇಲ್ಲದೆ ಕೆಲಸ ಮಾಡಬಹುದು. ಗ್ರಾಂಟ್ ಬಂದರೆ ಸಸಿಗೆ, ಓಡಾಟಕ್ಕೆ, ಉಪಕರಣಕ್ಕೆ, ಸಭೆಗೆ ದುಡ್ಡಿರುತ್ತದೆ. ಅದನ್ನೆಲ್ಲ ಮಾಡುವವನ ಹೊಟ್ಟೆಗೆ ಎಷ್ಟು ಅನ್ನೋದು ಬಹಳ ಸಲ ಕಾಗದದ ಮೇಲೆ ಇರೋದೇ ಇಲ್ಲ.

ಅಶೋಕ ಫೆಲೋಶಿಪ್‌ನ ಹೆಸರು ಕೇಳಿರಬಹುದು. ಬಿಲ್ ಡ್ರೇಟನ್ ಅನ್ನುವವರು 1980ರಲ್ಲಿ ಶುರು ಮಾಡಿದ್ದು. ಅದರ ಮೊಟ್ಟಮೊದಲ ಫೆಲೋ ನಮ್ಮ ದೇಶದವರೇ, ಮುಂಬೈನ ಶಾಲಾ ಶಿಕ್ಷಕಿ ಗ್ಲೋರಿಯಾ ಡಿಸೋಜಾ. ಮಕ್ಕಳಿಗೆ ಉರು ಹೊಡೆಸೋದು ಬಿಟ್ಟು ಸುತ್ತಲಿನ ಗಿಡ, ಹಕ್ಕಿ ನೋಡಿ ಕಲಿಸುವ ಪಾಠಕ್ರಮ ಅವರದ್ದು. ಅವರಿಗೆ ಸಿಕ್ಕಿದ್ದು ಕಟ್ಟಡವಲ್ಲ, ಜೀಪಲ್ಲ. ನೌಕರಿ ಬಿಟ್ಟು ಪೂರ್ತಿ ಇದನ್ನೇ ಮಾಡೋದಕ್ಕೆ ಬೇಕಾದ ಜೀವನದ ಖರ್ಚು. ಪರಿಸರದ ಕೆಲಸ ಮಾಡುವವರನ್ನು ಬೆಳೆಸೋದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ದುರದೃಷ್ಟ ಅಂದರೆ ನಿಮ್ಮಂಥವರಿಗೆ ಹೊಂದುವ ಫೆಲೋಶಿಪ್ ಕಡಿಮೆ, ಗ್ರಾಂಟ್ ಜಾಸ್ತಿ.

ನನ್ನದೇ ಕಥೆ ಹೇಳುತ್ತೇನೆ. ನನಗೆ ಮೊದಲ ಸಲ ಸಿಕ್ಕ ಗ್ರಾಂಟಿನಲ್ಲಿ ಕ್ಯಾಮೆರಾ ಟ್ರ್ಯಾಪ್ ಇತ್ತು, ಜಿಪಿಎಸ್ ಇತ್ತು, ಬಾಡಿಗೆ ಜೀಪಿಗೆ ದುಡ್ಡಿತ್ತು. ಸಂಬಳದ ಸಾಲಿನಲ್ಲಿ ನಾನೇ ಸೊನ್ನೆ ಬರೆದಿದ್ದೆ. ಕೇಳೋಕೆ ನಾಚಿಕೆ. ಕಾಡಿನ ಕೆಲಸಕ್ಕೆ ಸಂಬಳ ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ. ಎಂಟನೇ ತಿಂಗಳಿಗೆ ಕ್ಯಾಮೆರಾಗಳು ಮರದಲ್ಲೇ ಇದ್ದವು, ನಾನು ಪೇಟೆಯಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತಿದ್ದೆ. ಆಮೇಲೆ ಬೇರೆಯವರ ಅರ್ಜಿ ಓದುವ ಕೆಲಸವೂ ಬಂತು. ಸಂಬಳ ಸೊನ್ನೆ ಅಂತ ಬರೆದ ಅರ್ಜಿ ಕಂಡರೆ ನನಗೆ ಮೆಚ್ಚುಗೆ ಆಗೋದಿಲ್ಲ, ಹೆದರಿಕೆ ಆಗುತ್ತದೆ. ಈತ ವರ್ಷ ಪೂರ್ತಿ ನಿಲ್ಲೋದಿಲ್ಲ ಅಂತ.

ಹಾಗಾಗಿ ಆಯಿಗೆ ಹೇಳಿ: ಊಟಕ್ಕೆ ಹಾಕುತ್ತದೆ, ಆದರೆ ಬಾಯಿ ಬಿಟ್ಟು ಕೇಳಿದರೆ ಮಾತ್ರ.

ಈಗ ಯಾವ ಬಾಗಿಲು ತಟ್ಟಬೇಕು ಅನ್ನೋದು.

ನಿಮಗೆ ಮೊದಲು ಹೊಂದೋದು ಬ್ರಿಟನ್ನಿನ ರಫರ್ಡ್ ಫೌಂಡೇಶನ್ನಿನ ಸಣ್ಣ ಗ್ರಾಂಟ್. ಪಶ್ಚಿಮ ಘಟ್ಟದಲ್ಲಿ ಕಪ್ಪೆ, ನೀರುನಾಯಿ, ಮಂಗಟ್ಟೆ, ದೇವರಕಾಡು ಅಂತ ಕೆಲಸ ಶುರು ಮಾಡಿದ ಎಷ್ಟೋ ಜನ ಮೊದಲು ತಟ್ಟಿದ್ದು ಇದೇ ಬಾಗಿಲು. ಸಂಸ್ಥೆಯೇ ಆಗಬೇಕೆಂದಿಲ್ಲ, ವ್ಯಕ್ತಿಗಳೂ ಅರ್ಜಿ ಹಾಕಬಹುದು. ಮೊದಲ ಸಲ ಕೆಲವೇ ಸಾವಿರ ಪೌಂಡ್. ನಮ್ಮ ಲೆಕ್ಕದಲ್ಲಿ ಆರರಿಂದ ಎಂಟು ಲಕ್ಷದ ಆಸುಪಾಸು. ಅದನ್ನು ಚೆನ್ನಾಗಿ ಮುಗಿಸಿ ವರದಿ ಕೊಟ್ಟರೆ ಎರಡನೆಯದು, ಆಮೇಲೆ ಇನ್ನೂ ದೊಡ್ಡದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಈ ವ್ಯವಸ್ಥೆ ನನಗೆ ಇಷ್ಟ. ಮೊದಲ ದಿನವೇ ಮೂವತ್ತು ಲಕ್ಷ ಕೈಗೆ ಬಂದರೆ ಯಾರಿಗಾದರೂ ತಲೆ ತಿರುಗುತ್ತದೆ, ಅಲ್ವಾ? ಸುಮ್ನೆ ಅಧ್ಯಯನ ಮಾಡಿ ಪೇಪರ್ ಬರೆಯುತ್ತೇನೆ ಅಂದರೆ ಅವರು ಕೊಡೋದಿಲ್ಲ. ಆ ಜಾಗಕ್ಕೆ, ಆ ಜೀವಕ್ಕೆ ಏನು ಒಳ್ಳೆಯದಾಗುತ್ತದೆ ಅಂತ ತೋರಿಸಬೇಕು. ಇನ್ನೊಂದು ಉಪಕಾರ ಇದೆ. ದುಡ್ಡು ಪಡೆದವರ ವರದಿಗಳನ್ನು ಅವರ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಅರ್ಜಿ ಬರೆಯೋ ಮೊದಲು ನಮ್ಮ ಘಟ್ಟದ ಹತ್ತು ವರದಿ ಓದಿ. ಏನು ಮಾಡಲು ಹೊರಟಿದ್ದರು, ಏನು ಆಗಲಿಲ್ಲ, ಯಾಕೆ ಆಗಲಿಲ್ಲ, ಎಲ್ಲ ಅದರಲ್ಲಿರುತ್ತದೆ. ಯಾವ ತರಬೇತಿ ಶಿಬಿರವೂ ಇಷ್ಟು ಕಲಿಸೋದಿಲ್ಲ.

ನೀವು ಮೂವರಿದ್ದೀರಲ್ಲ, ಅದು ಒಳ್ಳೆಯದೇ ಆಯಿತು. ಕನ್ಸರ್ವೇಶನ್ ಲೀಡರ್‌ಶಿಪ್ ಪ್ರೋಗ್ರಾಂ ಅಂತ ಇದೆ. 1985ರಷ್ಟು ಹಳೆಯದು. ಅವರು ಒಬ್ಬರಿಗೆ ಕೊಡೋದಿಲ್ಲ, ಕನಿಷ್ಠ ಮೂರು ಜನರ ತಂಡ ಬೇಕು, ಅದೂ ಈ ಕೆಲಸಕ್ಕೆ ಹೊಸಬರಾಗಿರಬೇಕು. ದುಡ್ಡಿನ ಜೊತೆ ತರಬೇತಿಯನ್ನೂ ಕೊಡುತ್ತಾರೆ. ಆಯಾ ವರ್ಷದ ದೇಶಗಳ ಪಟ್ಟಿ ಮಾತ್ರ ನೋಡಿಕೊಳ್ಳಿ. ಒಂದೇ ಒಂದು ಜಾತಿಯ ಗಿಡ ಅಥವಾ ಪ್ರಾಣಿ ಹಿಡಿದು ಕೆಲಸ ಮಾಡುವುದಾದರೆ ಅಬುಧಾಬಿಯ ಮೊಹಮದ್ ಬಿನ್ ಜಾಯೆದ್ ನಿಧಿ ಇದೆ, 25,000 ಡಾಲರ್‌ವರೆಗೆ ಕೊಡುತ್ತದೆ. ನಿಮ್ಮ ತಾಲೂಕಿನ ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಗೊತ್ತಲ್ಲ? 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾದ ಮರ. ಅಂಥದ್ದಕ್ಕೆ ಹೇಳಿ ಮಾಡಿಸಿದ ನಿಧಿ ಅದು. ಬರೀ ಬೈನಾಕ್ಯುಲರ್, ಟೆಂಟ್, ಕ್ಯಾಮೆರಾ ಬೇಕಿದ್ದರೆ ಐಡಿಯಾ ವೈಲ್ಡ್‌ಗೆ ಬರೆಯಿರಿ. ಅವರು ಕೊಡೋದು ಸಾಮಾನು.

ನಮ್ಮ ದೇಶದ್ದೇ ಆದ ಬಾಗಿಲುಗಳೂ ಇವೆ. ಪಕ್ಷಿತಜ್ಞ ರವಿ ಶಂಕರನ್ 2009ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಇನ್‌ಲ್ಯಾಕ್ಸ್ ಪ್ರತಿಷ್ಠಾನ ಯುವಕ-ಯುವತಿಯರಿಗೆ ನೆರವು ಕೊಡುತ್ತದೆ. ಹ್ಯಾಬಿಟ್ಯಾಟ್ಸ್ ಟ್ರಸ್ಟ್‌ಗೆ ಹುಲಿ, ಆನೆಗಿಂತ ಹೆಚ್ಚಾಗಿ ಯಾರೂ ತಿರುಗಿ ನೋಡದ ಜೀವಿ, ಜಾಗಗಳ ಮೇಲೆ ಕಣ್ಣು. ಜಡ್ಡಿ ಅಂಥದ್ದೇ. ಸ್ಯಾಂಕ್ಚುರಿ ನೇಚರ್ ಫೌಂಡೇಶನ್ನಿನ ‘ಮಡ್ ಆನ್ ಬೂಟ್ಸ್’ ಯೋಜನೆ ಹಳ್ಳಿಯಲ್ಲೇ ಇದ್ದು ಕೆಲಸ ಮಾಡುವವರನ್ನು ಹುಡುಕಿ ಕೈಹಿಡಿಯುತ್ತದೆ. ಡಿಗ್ರಿ ಎಷ್ಟು ಅಂತ ಕೇಳೋದಕ್ಕಿಂತ ಕಾಲಿಗೆ ಕೆಸರು ಮೆತ್ತಿದೆಯಾ ಅಂತ ನೋಡುವ ಯೋಜನೆ, ಹೆಸರೇ ಹೇಳುತ್ತದೆ. ಕಂಪನಿಗಳ ಸಿಎಸ್ಆರ್ ದುಡ್ಡು, ಅಂದರೆ ಸಾಮಾಜಿಕ ಹೊಣೆಗಾರಿಕೆಗೆ ಅಂತ ತೆಗೆದಿಡುವ ದುಡ್ಡು, ನೇರವಾಗಿ ನಿಮಗೆ ಬರೋದಿಲ್ಲ, ಅದಕ್ಕೆ ಸಿಎಸ್ಆರ್-1 ನೋಂದಣಿ ಇರುವ ಸಂಸ್ಥೆ ಬೇಕು. ನನ್ನ ಅನುಭವದಲ್ಲಿ ಅವರಿಗೆ ಎಷ್ಟು ಸಾವಿರ ಗಿಡ ನೆಟ್ಟಿರಿ ಅನ್ನುವ ಲೆಕ್ಕ ಬೇಕು, ಜೂನ್ ಐದರ ಪರಿಸರ ದಿನದ ಫೋಟೊ ಬೇಕು. ಜಡ್ಡಿಯ ಕೆಲಸ ಹಾಗೆ ಎಣಿಸುವಂಥದ್ದಲ್ಲ. ಸದ್ಯಕ್ಕೆ ದೂರ ಇರಿ.

ವಿಟ್ಲಿ ಪ್ರಶಸ್ತಿ, ಗೋಲ್ಡ್‌ಮನ್ ಪ್ರಶಸ್ತಿ ಅಂತೆಲ್ಲ ಪರಿಸರದ ದೊಡ್ಡ ಪ್ರಶಸ್ತಿಗಳ ಬಗ್ಗೆ ಪೇಪರಿನಲ್ಲಿ ಓದಿರುತ್ತೀರಿ. ಗೋಲ್ಡ್‌ಮನ್‌ಗೆ ಅರ್ಜಿಯೇ ಇಲ್ಲ, ಅವರೇ ಗುಟ್ಟಾಗಿ ಹೆಸರು ತರಿಸಿಕೊಂಡು ಆರಿಸುತ್ತಾರೆ. ವಿಟ್ಲಿಗೆ ಅರ್ಜಿ ಹಾಕಬಹುದು, ಆದರೆ ವರ್ಷಗಟ್ಟಲೆ ಮಾಡಿ ತೋರಿಸಿದ ಮೇಲೆ. 2017ರಲ್ಲಿ ನಮ್ಮ ಸಂಜಯ್ ಗುಬ್ಬಿ ಅವರಿಗೆ ಬಂತು, ಕರ್ನಾಟಕದ ಹುಲಿ ಕಾರಿಡಾರ್‌ಗಳ ಕೆಲಸಕ್ಕೆ. ಅದೇ ವರ್ಷ ಅಸ್ಸಾಮಿನ ಪೂರ್ಣಿಮಾ ದೇವಿ ಬರ್ಮನ್ ಅವರಿಗೂ ಬಂತು. ಪೂರ್ಣಿಮಾ ಅವರ ದಾರಿಯನ್ನು ನೀವು ಚೆನ್ನಾಗಿ ನೋಡಬೇಕು. ನಿಮ್ಮ ಜಡ್ಡಿಗೂ ಅವರು ಕಾಪಾಡುತ್ತಿರುವ ಹರ್ಗಿಲಾ ಹಕ್ಕಿಗೂ ಒಂದು ಹೋಲಿಕೆ ಇದೆ.

ಹರ್ಗಿಲಾ ಅಂದರೆ ನಾಲ್ಕೈದು ಅಡಿ ಎತ್ತರದ ಬೋಳುತಲೆ ಕೊಕ್ಕರೆ. ಕೊಳೆತದ್ದನ್ನು ತಿನ್ನುತ್ತದೆ, ನೋಡೋಕೆ ಚೆಂದ ಇಲ್ಲ, ಗೂಡಿನ ಕೆಳಗೆ ಗಬ್ಬು ವಾಸನೆ. ಗೂಡು ಕಟ್ಟೋದು ಕಾಡಿನಲ್ಲಲ್ಲ, ಜನರ ಹಿತ್ತಲಿನ ದೊಡ್ಡ ಮರಗಳಲ್ಲಿ. ಮನೆಯವರು ಬೇಸತ್ತು ಮರ ಕಡಿಯುತ್ತಿದ್ದರು. 2007ರಲ್ಲಿ ಹಾಗೆ ಕಡಿದ ಮರದಿಂದ ಮರಿಗಳು ಬಿದ್ದದ್ದನ್ನು ಕಂಡ ಪೂರ್ಣಿಮಾ ತಮ್ಮ ಪಿಎಚ್.ಡಿ.ಯನ್ನು ಬದಿಗಿಟ್ಟರು. ಕಾಮರೂಪ ಜಿಲ್ಲೆಯ ದಾದರಾ, ಪಚರಿಯಾ ಹಳ್ಳಿಗಳ ಹೆಂಗಸರ ಜೊತೆ ಕೂತರು. ಬಸುರಿಗೆ ಸೀಮಂತ ಮಾಡುವ ಹಾಗೆ ಗೂಡು ಕಟ್ಟುವ ಕಾಲಕ್ಕೆ ಹಕ್ಕಿಗೂ ಶಾಸ್ತ್ರ ಮಾಡಿದರು. ಮಗ್ಗ ಕೊಡಿಸಿ, ನೂಲು ಕೊಡಿಸಿ, ಸೀರೆಯ ಮೇಲೆ, ಅಸ್ಸಾಮಿನವರ ಹೆಗಲವಸ್ತ್ರ ಗಮೋಸಾದ ಮೇಲೆ ಹರ್ಗಿಲಾ ನೇಯಿಸಿದರು. ಇವತ್ತು ‘ಹರ್ಗಿಲಾ ಸೇನೆ’ಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರಿದ್ದಾರೆ. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ, 2024ರಲ್ಲಿ ವಿಟ್ಲಿ ಚಿನ್ನದ ಪ್ರಶಸ್ತಿ, ಅದರಲ್ಲಿ 1,00,000 ಪೌಂಡ್. ಆದರೆ ಲೆಕ್ಕ ಹಾಕಿ: 2007ರಿಂದ ಮೊದಲ ವಿಟ್ಲಿಗೆ ಹತ್ತು ವರ್ಷ. ನಡುವಿನ ಆ ಹತ್ತು ವರ್ಷ ದಾಟಿಸೋದು ಇಂಥ ದೊಡ್ಡ ಪ್ರಶಸ್ತಿಗಳಲ್ಲ. ಸಣ್ಣ ಸಣ್ಣ ನೆರವು ಮತ್ತು ಬೆನ್ನಿಗೆ ನಿಂತ ಒಂದು ಸಂಸ್ಥೆ.

ನಿಮ್ಮಲ್ಲೂ ಹಾಗೇ ತಾನೆ? ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ. ಜಡ್ಡಿ ಅಂದರೆ ವರ್ಷವಿಡೀ ನೀರು ಜಿನುಗುವ ಕಾಡಿನ ತಗ್ಗು. ಅಲ್ಲಿನ ರಾಮಪತ್ರೆ ಜಾತಿಯ ಮರಗಳ ಬೇರು ಕೆಸರಿನಿಂದ ಮೊಣಕಾಲಿನ ಹಾಗೆ ಮಡಚಿಕೊಂಡು ಮೇಲೆ ಬಂದಿರುತ್ತದೆ, ಉಸಿರಾಟಕ್ಕೆ. ನೀರಿರುವ ತಗ್ಗು ಅಂದರೆ ತೋಟಕ್ಕೂ ಗದ್ದೆಗೂ ಅದೇ ಬೇಕು. ಹಾಗಾಗಿ ಎಷ್ಟೋ ಜಡ್ಡಿ ಅಡಿಕೆ ತೋಟವೇ ಆಗಿಹೋಗಿವೆ. ಉಳಿದದ್ದು ಉಳಿಯಬೇಕಾದರೆ ಕೆಳಗಿನ ತೋಟದವರು ಒಪ್ಪಬೇಕು.

ಇದನ್ನೇ ಅರ್ಜಿಯಲ್ಲಿ ಬರೆಯಬೇಕು. ನನ್ನ ಮೇಜಿಗೆ ಬರುವ ಅರ್ಜಿಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಈ ವಾಕ್ಯ ಇರುತ್ತದೆ: ‘ಜಡ್ಡಿಗಳ ಮಹತ್ವದ ಬಗ್ಗೆ ಜನರಲ್ಲಿ ಜಾಗೃತಿ ಮೂಡಿಸಲಾಗುವುದು.’ ಓದಿದವರಿಗೆ ಏನೂ ಕಾಣೋದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: ‘ನಮ್ಮ ಪಂಚಾಯಿತಿಯಲ್ಲಿ ನಾಲ್ಕು ಜಡ್ಡಿ ಉಳಿದಿವೆ. ಎರಡರ ನೀರನ್ನು ಮೇಲ್ತುದಿಯಲ್ಲೇ ಪೈಪ್ ಹಾಕಿ ಒಂಬತ್ತು ಮನೆಯ ತೋಟಕ್ಕೆ ಒಯ್ಯುತ್ತಾರೆ. ಬೇಸಿಗೆಯಲ್ಲಿ ಜಡ್ಡಿಯ ನೆಲ ಬಿರಿಯುತ್ತದೆ, ಸಸಿ ಸಾಯುತ್ತದೆ. ಪೈಪನ್ನು ಜಡ್ಡಿಯ ಕೆಳತುದಿಗೆ ಇಳಿಸೋಕೆ ಆರು ಮನೆಯವರು ಒಪ್ಪಿದ್ದಾರೆ, ಮೂರು ಮನೆಯವರಿಗೆ ಪಂಪಿನ ಖರ್ಚಿನ ಚಿಂತೆ.’ ಊರು, ಅಂಕಿ ನಿಮ್ಮದನ್ನು ಹಾಕಿಕೊಳ್ಳಿ, ನಾನು ಉದಾಹರಣೆಗೆ ಹೇಳಿದೆ. ಇದನ್ನು ಓದಿದ ಲಂಡನ್ನಿನವನಿಗೂ ಕಣ್ಣಿಗೆ ಕಟ್ಟುತ್ತದೆ. ಆ ಮೂರು ಮನೆಯ ವಿಷಯ ಮುಚ್ಚಿಡಬೇಡಿ. ಕಷ್ಟ ಎಲ್ಲಿದೆ ಅಂತ ಗೊತ್ತಿರುವವನನ್ನೇ ನಾವು ನಂಬೋದು.

ಬಜೆಟ್ಟಿಗೂ ಇದೇ ಮಾತು. ‘ಇತರೆ ಖರ್ಚು 60,000’ ಅಂತ ಬರೆದರೆ ಅಲ್ಲೇ ಕತ್ತರಿ ಬೀಳುತ್ತದೆ. ನರ್ಸರಿ ನೋಡಿಕೊಳ್ಳುವವರ ದಿನಗೂಲಿ ಎಷ್ಟು ದಿನ, ಬೈಕಿನ ಪೆಟ್ರೋಲ್ ತಿಂಗಳಿಗೆ ಎಷ್ಟು, ಸಭೆಗೆ ಬಂದವರಿಗೆ ಚಹಾ-ಅವಲಕ್ಕಿ ಎಷ್ಟು ಸಲ, ಹೀಗೆ ಬಿಡಿಸಿ ಬರೆಯಿರಿ. ನಿಮ್ಮ ಮೂವರ ತಿಂಗಳ ಖರ್ಚನ್ನೂ ಸೇರಿಸಿ. ಕೆಲವು ನಿಧಿಗಳು ಸಂಬಳಕ್ಕೆ ಮಿತಿ ಹಾಕುತ್ತವೆ, ನಿಯಮ ಓದಿಕೊಂಡು ಆ ಮಿತಿಯವರೆಗೆ ಕೇಳಿ. ಜಿಗಣೆ ಕಾಲುಚೀಲದ ದುಡ್ಡನ್ನೂ ಬಿಡಬೇಡಿ.

ಇನ್ನು ಕಾಲದ ಲೆಕ್ಕ. ರಾಮಪತ್ರೆ ಜಾತಿಯ ಬೀಜ ಒಣಗಿತು ಅಂದರೆ ಸತ್ತ ಹಾಗೆ, ಹಣ್ಣು ಬಿದ್ದ ಕೆಲವೇ ದಿನದಲ್ಲಿ ಬಿತ್ತಬೇಕು. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಅರ್ಜಿ ಹಾಕಿ ದುಡ್ಡು ಕೈಗೆ ಬರೋಕೆ ಆರು ತಿಂಗಳು ಹಿಡಿಯಬಹುದು. ಬೀಜದ ಕಾಲ ತಪ್ಪಿದ ಮೇಲೆ ದುಡ್ಡು ಬಂದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ಹಣ್ಣು ಬೀಳುವ ತಿಂಗಳಿನಿಂದ ಹಿಂದಕ್ಕೆ ಎಣಿಸಿ ಅರ್ಜಿ ಹಾಕಿ. ಇಲಾಖೆಯ ಅನುಮತಿಗೂ ಸಮಯ ಇಟ್ಟುಕೊಳ್ಳಿ. ಜಡ್ಡಿ ಕಾದಿಟ್ಟ ಅರಣ್ಯದೊಳಗಿದ್ದರೆ ಮೊದಲು ನಿಮ್ಮ ವಲಯ ಅರಣ್ಯಾಧಿಕಾರಿಯನ್ನು ಕಾಣಿ. ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿನಂಥ ಕಡೆ ಆದರೆ ಕಾಗದ ಬೆಂಗಳೂರಿನ ಅರಣ್ಯ ಭವನದವರೆಗೂ ಹೋಗಬೇಕಾಗಬಹುದು. ನನಗೊಮ್ಮೆ ಹನ್ನೆರಡು ತಿಂಗಳ ಗ್ರಾಂಟಿನಲ್ಲಿ ಅನುಮತಿ ಬಂದದ್ದು ಏಳನೇ ತಿಂಗಳಿಗೆ. ಅಂಥ ಹೊತ್ತಲ್ಲಿ ಸುಮ್ಮನಿರಬೇಡಿ. ‘ದುಡ್ಡು ಹೆಚ್ಚು ಬೇಡ, ಅವಧಿ ಮಾತ್ರ ಮುಂದಕ್ಕೆ ಹಾಕಿ’ ಅಂತ ಬರೆದರೆ ಬಹುತೇಕ ಎಲ್ಲರೂ ಒಪ್ಪುತ್ತಾರೆ.

ಟ್ರಸ್ಟ್ ಯಾಕೆ ಬೇಡ ಅಂದೆ? ಟ್ರಸ್ಟ್ ಮಾಡೋದು ಸುಲಭ, ಸಂಘವಾದರೆ ಏಳು ಜನ ಬೇಕು. ಕಷ್ಟ ಇರೋದು ಆಮೇಲೆ. ವರ್ಷ ವರ್ಷ ಆಡಿಟ್, ತೆರಿಗೆ ಇಲಾಖೆಯ ನೋಂದಣಿ, ಲೆಕ್ಕಪತ್ರ. ಮೂರು ಜನರಲ್ಲಿ ಒಬ್ಬ ಗುಮಾಸ್ತನಾಗಿಬಿಡುತ್ತಾನೆ. ವಿದೇಶಿ ದುಡ್ಡಿನ ಕಾನೂನು, ಅಂದರೆ ಎಫ್‌ಸಿಆರ್‌ಎ, ಇನ್ನೂ ಬಿಗಿ. ನೋಂದಣಿ ಬೇಕಾದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚು ಮಾಡಿರಬೇಕು. ಇವತ್ತು ಟ್ರಸ್ಟ್ ಮಾಡಿದರೆ ನಾಳೆ ಲಂಡನ್ನಿನಿಂದ ದುಡ್ಡು ತರೋಕೆ ಆಗೋದಿಲ್ಲ.

ಮೊದಲು ಒಂದು ಒಳದಾರಿ ಇತ್ತು. ಕ್ರಿಟಿಕಲ್ ಇಕೋಸಿಸ್ಟಮ್ ಪಾರ್ಟ್‌ನರ್‌ಶಿಪ್ ಫಂಡ್ ಅನ್ನುವ ವಿದೇಶಿ ನಿಧಿ 2008ರಿಂದ 2015ರವರೆಗೆ ಪಶ್ಚಿಮ ಘಟ್ಟಕ್ಕೆ ದುಡ್ಡು ಹಾಕಿತು. ಇಲ್ಲಿ ಅದನ್ನು ನಡೆಸಿದ್ದು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರಿ. ಊರುಗಳಲ್ಲಿದ್ದ ಸಣ್ಣಪುಟ್ಟ ಗುಂಪುಗಳಿಗೂ ಆಗ ಬಾಗಿಲು ತೆರೆದಿತ್ತು. 2020ರ ಎಫ್‌ಸಿಆರ್‌ಎ ತಿದ್ದುಪಡಿ ಬಂದ ಮೇಲೆ ಒಂದು ಸಂಸ್ಥೆ ತನಗೆ ಬಂದ ವಿದೇಶಿ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಆಡಳಿತದ ಖರ್ಚಿನ ಮಿತಿಯೂ 50ರಿಂದ ಶೇಕಡಾ 20ಕ್ಕೆ ಇಳಿಯಿತು. ಇದರ ಪೆಟ್ಟು ಜಾಸ್ತಿ ಬಿದ್ದದ್ದು ನಿಮ್ಮಂಥ ಸಣ್ಣ ಗುಂಪುಗಳಿಗೇ ಅನ್ನೋದು ನನ್ನ ಅಭಿಪ್ರಾಯ. ಅಡ್ಡದಾರಿ ಹಿಡಿದವರನ್ನು ತಡೆಯೋಕೆ ಬೇರೆ ದಾರಿ ಇತ್ತು.

ಆದರೆ ದೊಡ್ಡ ಸಂಸ್ಥೆ ನಿಮ್ಮನ್ನು ತನ್ನ ಕೆಲಸಗಾರನಾಗಿ ತಗೊಂಡು ಸಂಬಳ ಕೊಡಬಹುದು. ಎಫ್‌ಸಿಆರ್‌ಎ ಇರುವ ಒಂದು ಸಂಸ್ಥೆಯ ಹೆಗಲ ಮೇಲೆ ಅರ್ಜಿ ಹಾಕಿ, ಯೋಜನೆಯನ್ನು ನೀವೇ ನಡೆಸಿ, ಲೆಕ್ಕ ಅವರು ಇಟ್ಟುಕೊಳ್ಳಲಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಬೆಂಗಳೂರಿನ ಏಟ್ರಿ ಇಂಥವರನ್ನು ಹೋಗಿ ಮಾತಾಡಿಸಿ. ನಿಮ್ಮ ಸುತ್ತಿನ ಅರಣ್ಯ ಕಾಲೇಜಿನ ಮೇಷ್ಟ್ರುಗಳನ್ನೂ ಕೇಳಿ, ಶಿಫಾರಸು ಪತ್ರಕ್ಕೆ ಅವರು ಬೇಕೇ ಬೇಕು. ಸಂಸ್ಥೆಯ ಜೊತೆ ಒಪ್ಪಂದ ಮಾಡುವಾಗ ನಿಮ್ಮ ಅಂಕಿಅಂಶ, ಫೋಟೊ ಯಾರದ್ದು, ವರದಿಯಲ್ಲಿ ಯಾರ ಹೆಸರು ಮೊದಲು ಅನ್ನೋದನ್ನು ಬರೆಸಿಕೊಳ್ಳಿ. ಆಮೇಲೆ ಜಗಳ ಆಗೋದು ದುಡ್ಡಿಗಲ್ಲ, ಹೆಸರಿಗೆ. ವಿದೇಶದಿಂದ ನಿಮ್ಮ ಹೆಸರಿಗೇ ದುಡ್ಡು ಬರುತ್ತದೆ ಅಂತಾದರೆ, ಬ್ಯಾಂಕ್ ಖಾತೆ ನಂಬರ್ ಕೊಡುವ ಮೊದಲೇ ಎಫ್‌ಸಿಆರ್‌ಎ ಗೊತ್ತಿರುವ ಲೆಕ್ಕಪರಿಶೋಧಕರನ್ನು ಕೇಳಿ. ವಿದ್ಯಾರ್ಥಿವೇತನಕ್ಕೂ ಯೋಜನೆಯ ದುಡ್ಡಿಗೂ ಕಾನೂನಿನಲ್ಲಿ ವ್ಯತ್ಯಾಸ ಇದೆ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಒಂದು ಠರಾವನ್ನೂ ಅರ್ಜಿಗೆ ಲಗತ್ತಿಸಿ. ಖರ್ಚಿಲ್ಲ, ತೂಕ ಬರುತ್ತದೆ.

ಇಂಗ್ಲಿಷಿನ ವಿಷಯಕ್ಕೆ ಬರುತ್ತೇನೆ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅವರು ದಶಕಗಟ್ಟಲೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು ಅನ್ನೋದು ಅವರಿಗೆ ಗೊತ್ತಿದ್ದಷ್ಟು ಡಿಗ್ರಿ ಇದ್ದವರಿಗೂ ಗೊತ್ತಿರಲಿಲ್ಲ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂತು, ಬರಿಗಾಲಲ್ಲಿ ಹೋಗಿ ತಗೊಂಡರು, ನಾವೆಲ್ಲ ಫೋಟೊ ಹಂಚಿಕೊಂಡೆವು. ಆದರೆ ನಾನು ಓದಿದ ಯಾವ ಫೆಲೋಶಿಪ್ ಅರ್ಜಿ ನಮೂನೆಯೂ ಅವರಂಥವರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಐನೂರು ಪದದ ಇಂಗ್ಲಿಷ್ ಪ್ರಬಂಧ ಕೇಳಿ ಅಲ್ಲೇ ಬಾಗಿಲು ಹಾಕುತ್ತಿತ್ತು. ಇದು ದುಡ್ಡು ಕೊಡುವವರ ಕಡೆಯ ತಪ್ಪು, ನಿಮ್ಮದಲ್ಲ. ಇದನ್ನು ಮೀರಿದವರೂ ಇದ್ದಾರೆ. ಅಸ್ಸಾಮಿನ ತೇಜಪುರದಲ್ಲಿ ರೀಟಾ ಬ್ಯಾನರ್ಜಿ ಕಟ್ಟಿದ ಗ್ರೀನ್ ಹಬ್ ಫೆಲೋಶಿಪ್, ಈಶಾನ್ಯದ ಹುಡುಗ ಹುಡುಗಿಯರ ಕೈಗೆ ಕ್ಯಾಮೆರಾ ಕೊಡುತ್ತದೆ. ಅವರು ತಮ್ಮ ಊರಿನ ಕಾಡನ್ನು ಚಿತ್ರ ಮಾಡಿ ತರುತ್ತಾರೆ. ಅಂಥದ್ದೊಂದು ನಮ್ಮ ಘಟ್ಟಕ್ಕೂ ಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತಿರುತ್ತೇನೆ.

ಅಲ್ಲಿಯವರೆಗೆ ನೀವು ಹೀಗೆ ಮಾಡಿ. ಅರ್ಜಿಯನ್ನು ಮೊದಲು ಕನ್ನಡದಲ್ಲೇ ಬರೆಯಿರಿ, ಆಯಿಗೆ ಓದಿ ಹೇಳಿ. ಅವರಿಗೆ ಅರ್ಥವಾಗದ ಸಾಲು ಇಂಗ್ಲಿಷಿಗೆ ಹೋದ ಮೇಲೂ ಯಾರಿಗೂ ಅರ್ಥವಾಗೋದಿಲ್ಲ. ಆಮೇಲೆ ಸಣ್ಣ ವಾಕ್ಯದ ಸಾದಾ ಇಂಗ್ಲಿಷಿಗೆ ತಂದುಕೊಳ್ಳಿ, ಯಾರಾದರೂ ತಿದ್ದಿಕೊಡುತ್ತಾರೆ. ದೊಡ್ಡ ದೊಡ್ಡ ಪದ ಸೇರಿಸೋಕೆ ಮಾತ್ರ ಬಿಡಬೇಡಿ. ನಿಮ್ಮ ಜೊತೆ ಜಡ್ಡಿ ತೋರಿಸೋಕೆ ಬರುವ, ಬೀಜ ಆರಿಸಿಕೊಡುವ ಊರಿನವರು ಯಾರಾದರೂ ಇದ್ದರೆ ಅವರ ಹೆಸರನ್ನು ‘ಸಹಾಯಕರು’ ಅಂತ ಕೊನೆಯಲ್ಲಿ ಹಾಕಬೇಡಿ. ತಂಡದ ಪಟ್ಟಿಯಲ್ಲೇ ಹಾಕಿ, ಸಂಬಳದ ಸಾಲಿನಲ್ಲೂ ಹಾಕಿ.

ಮೊದಲ ಸಲ ಸಿಗದೇ ಹೋದರೆ ಕಾರಣ ಕೇಳಿ ಬರೆಯಿರಿ. ನನಗೆ ಮೂರು ಸಲ ಇಲ್ಲ ಅಂದಿದ್ದರು. ಎರಡನೇ ಸಲ ಕಾರಣ ಕೇಳಿದ್ದಕ್ಕೆ ಒಬ್ಬರು ಒಂದೂವರೆ ಪುಟ ಬರೆದು ಕಳಿಸಿದ್ದರು. ಆ ಕಾಗದ ಈಗಲೂ ನನ್ನ ಹತ್ತಿರ ಇದೆ.

ಈ ಬೇಸಿಗೆಯಲ್ಲಿ ಒಂದು ಕೆಲಸ ಶುರು ಮಾಡಿ. ನಿಮ್ಮ ಒಂದೊಂದು ಜಡ್ಡಿಯಲ್ಲೂ ಒಂದು ಗೂಟ ಹುಗಿದು ಗೆರೆ ಎಳೆಯಿರಿ. ಹದಿನೈದು ದಿನಕ್ಕೊಮ್ಮೆ ನೀರು ಎಲ್ಲಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಅದೇ ಜಾಗದಿಂದ ಒಂದು ಫೋಟೊ ತೆಗೆಯಿರಿ. ಮಳೆ ಹಿಡಿಯುವ ಹೊತ್ತಿಗೆ ಆರೇಳು ಸಾಲು ಅಂಕಿ ಆಗಿರುತ್ತದೆ. ಕನ್ನಡದಲ್ಲಿ ಬರೆದ ಆ ಅರ್ಜಿಯ ಜೊತೆ ಅದನ್ನೂ ಇಟ್ಟು ನನಗೆ ಕಳಿಸಿ, ಬಜೆಟ್ ನಾವಿಬ್ಬರೂ ಕೂತು ಮಾಡೋಣ.